ದುಬಾರಿ ಮೇಕಪ್ ಸೆಟ್ ಕೈಗೆ ಬಂದಾಗ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮುಖ, ಕಣ್ಣು, ತುಟಿ ಮೂರಕ್ಕೂ ಒಂದೇ ಹೆಸರಾಂತ ಬ್ರ್ಯಾಂಡಿನ ಸಾಮಗ್ರಿ ಕೊಂಡವರು, ಉಡುಗೊರೆಯಾಗಿ ಪಡೆದವರು, ಕೊಳ್ಳಲೋ ಬೇಡವೋ ಎಂದು ತೂಗುತ್ತಿರುವವರು ಬರೆದ ಪತ್ರಗಳೇ ಈ ಬಾರಿ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಪೂರ್ತಿ ಸೆಟ್ ಉಡುಗೊರೆಯಾಗಿ ಬಂದಿದೆ. ಪ್ರೈಮರ್ (ಫೌಂಡೇಶನ್ನಿಗೆ ಮೊದಲು ಹಚ್ಚುವ ತಳಪದರ), ಫೌಂಡೇಶನ್, ಕನ್ಸೀಲರ್ (ಕಲೆ, ಕಪ್ಪು ಮುಚ್ಚುವಂಥದ್ದು), ಪೌಡರ್, ಬ್ಲಶ್, ಐಶ್ಯಾಡೋ ಪ್ಯಾಲೆಟ್, ಮಸ್ಕಾರಾ, ಎರಡು ಲಿಪ್‌ಸ್ಟಿಕ್. ಮೊದಲ ದಿನವೇ ಎಲ್ಲವನ್ನೂ ಹಚ್ಚಿ ನೋಡುವ ಆಸೆ. ನೋಡಬಹುದೇ?

ಉತ್ತರ: ಆಸೆ ಸಹಜವೇ. ಆದರೆ ಒಂಬತ್ತು ಹೊಸ ವಸ್ತುಗಳು ಒಮ್ಮೆಗೇ ಚರ್ಮಕ್ಕೆ ತಾಗಿದರೆ, ಎರಡು ದಿನ ಬಿಟ್ಟು ಕೆನ್ನೆ ತುರಿಸತೊಡಗಿದಾಗ ಯಾವುದನ್ನು ದೂರುವುದು? ಅಲರ್ಜಿಯ ತುರಿಕೆ ಹಚ್ಚಿದ ಕೂಡಲೇ ಕಾಣಿಸಿಕೊಳ್ಳುವುದು ಕಡಿಮೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನ ತಡವಾಗಿ ತಲೆಯೆತ್ತುತ್ತದೆ. ದುಬಾರಿ ಬ್ರ್ಯಾಂಡುಗಳಲ್ಲಿ ಸುಗಂಧ ಬೆರೆಸುವ ರೂಢಿ ಸಾಕಷ್ಟಿದೆ, ಅಲರ್ಜಿಯ ಮುಖ್ಯ ಕಾರಣಗಳಲ್ಲಿ ಸುಗಂಧವೂ ಒಂದು. ಪೆಟ್ಟಿಗೆಯ ಹಿಂದಿನ ಪಟ್ಟಿಯಲ್ಲಿ ಲಿನಲೂಲ್, ಲಿಮೊನೀನ್, ಜೆರಾನಿಯಾಲ್ ಮುಂತಾದ ಹೆಸರುಗಳಿದ್ದರೆ ಅವು ಸುಗಂಧದ ಅಂಶಗಳು. ಹಚ್ಚಿ ಹಾಗೇ ಬಿಡುವ ಸಾಮಗ್ರಿಯಲ್ಲಿ ಇಂಥ ಅಂಶ ಶೇ 0.001 ಮೀರಿದರೆ ಅದರ ಹೆಸರನ್ನು ಮುದ್ರಿಸಲೇಬೇಕೆಂದು ಯುರೋಪಿನ ನಿಯಮವಿದೆ. ಹಿಂದೆ ಸುಗಂಧದಿಂದ ತೊಂದರೆಯಾದವರು ಈ ಸಾಲುಗಳನ್ನು ಮೊದಲು ಓದಲಿ.

ಮೊಣಕೈ ಒಳಮಗ್ಗುಲಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಬಾರಿ, 7ರಿಂದ 10 ದಿನ ಹಚ್ಚಿ ನೋಡಿ. ಚರ್ಮತಜ್ಞರು ಹೇಳುವ ಅವಧಿ ಇದು. ಪ್ರೈಮರ್, ಫೌಂಡೇಶನ್, ಕನ್ಸೀಲರ್ ಮೂರನ್ನೂ ದೂರ ದೂರದ ಜಾಗಗಳಲ್ಲಿ ಒಟ್ಟಿಗೇ ಪರೀಕ್ಷಿಸಿದರೆ ಸಮಯ ಉಳಿಯುತ್ತದೆ. ಆಮೇಲೆ ಮುಖಕ್ಕೆ ಮೂರು ದಿನಕ್ಕೊಂದರಂತೆ ಹೊಸದನ್ನು ಸೇರಿಸುತ್ತಾ ಹೋಗಿ.

ನಿಜವಾದ ಪರೀಕ್ಷೆ ಅರ್ಧ ಮುಖದ್ದು. ಬಲಗಡೆ ಹೊಸ ಫೌಂಡೇಶನ್, ಎಡಗಡೆ ನೀವು ದಿನವೂ ಬಳಸುವ ಹಳೆಯದು. ಉಳಿದದ್ದೆಲ್ಲ ಎರಡೂ ಕಡೆ ಒಂದೇ. ಕಾಲು ಗಂಟೆ, ಒಂದು ಗಂಟೆ, ನಾಲ್ಕು ಗಂಟೆ, ಎಂಟು ಗಂಟೆಗೆ ಒಂದೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಮೂಗಿನ ಪಕ್ಕ, ಗಲ್ಲ, ನಕ್ಕಾಗ ಮೂಡುವ ಗೆರೆ, ಕಣ್ಣಿನ ಕೆಳಗೆ, ಈ ನಾಲ್ಕು ಕಡೆ ನೋಡಿದರೆ ಸಾಕು. ಹಚ್ಚಿದ ಹೊಸತರಲ್ಲಿ ಯಾವ ಫೌಂಡೇಶನ್ ಆದರೂ ಚೆನ್ನಾಗಿಯೇ ಕಾಣುತ್ತದೆ. ನಾಲ್ಕನೇ ಗಂಟೆಯ ಫೋಟೊದಲ್ಲಿ ಎರಡು ಕೆನ್ನೆಗಳ ನಡುವೆ ವ್ಯತ್ಯಾಸ ಕಾಣದಿದ್ದರೆ, ಬೆಲೆಯ ದೊಡ್ಡ ಪಾಲು ಡಬ್ಬಿಗೆ ಹೋಗಿದೆ ಎಂದೇ ತಿಳಿಯಿರಿ.

ಪ್ರಶ್ನೆ: ಅಂಗಡಿಯಲ್ಲಿ ಹಚ್ಚಿ ನೋಡಿದಾಗ ಸರಿಯಾಗಿದ್ದ ಫೌಂಡೇಶನ್ ಮನೆಗೆ ಬರುವಷ್ಟರಲ್ಲಿ ಒಂದು ಛಾಯೆ ಕಪ್ಪಾಗಿ, ಸ್ವಲ್ಪ ಕಿತ್ತಳೆಯಾಗಿ ಕಾಣುತ್ತದೆ. ಬಾಟಲಿ ಹಳೆಯದೇ?

ಉತ್ತರ: ಹಳೆಯದಾಗಿರಬೇಕಿಲ್ಲ. ಇದನ್ನು ಎಲ್ಲರೂ ‘ಆಕ್ಸಿಡೈಸ್ ಆಯಿತು’ ಎನ್ನುತ್ತಾರೆ. ಆದರೆ ಫೌಂಡೇಶನ್ನಿನ ಬಣ್ಣ ಬರುವುದೇ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್ ಮತ್ತು ಬಿಳಿಯ ಟೈಟಾನಿಯಂ ಡೈಆಕ್ಸೈಡ್‌ನಿಂದ. ಇವು ಮೊದಲೇ ಆಕ್ಸೈಡ್‌ಗಳು, ಗಾಳಿಗೆ ಇನ್ನೊಮ್ಮೆ ಆಕ್ಸಿಡೈಸ್ ಆಗಲು ಅವುಗಳಲ್ಲಿ ಉಳಿದಿರುವುದು ಹೆಚ್ಚೇನಿಲ್ಲ. ನಡೆಯುವುದು ಬೇರೆ. ಹಗುರಾಗಿ ಹರಡಲೆಂದು ಹಾಕಿರುವ ನೀರು ಮತ್ತು ಆವಿಯಾಗುವ ಸಿಲಿಕೋನ್ ಹಚ್ಚಿದ ಮೇಲೆ ಆರಿಹೋಗುತ್ತವೆ. ಬಣ್ಣದ ಕಣಗಳು ಒತ್ತಾಗುತ್ತವೆ. ಚರ್ಮದ ಎಣ್ಣೆ ಆ ಕಣಗಳನ್ನು ನೆನೆಸುತ್ತದೆ. ಒಣ ಮಣ್ಣಿಗಿಂತ ಒದ್ದೆ ಮಣ್ಣು ಕಪ್ಪಾಗಿ ಕಾಣುವುದೂ ಇದೇ ಕಾರಣಕ್ಕೆ. ಎಣ್ಣೆ ಚರ್ಮದವರಲ್ಲಿ ಈ ಬದಲಾವಣೆ ಹೆಚ್ಚು.

ಹಾಗಾಗಿ ಹಚ್ಚಿದ ಹತ್ತು ನಿಮಿಷದೊಳಗೆ ಶೇಡ್ ತೀರ್ಮಾನಿಸಬೇಡಿ. ಅರ್ಧ ಗಂಟೆ ಕೊಡಿ. ಹಚ್ಚಬೇಕಾದ್ದು ದವಡೆಯ ಅಂಚಿನ ಮೇಲೆ, ಕತ್ತಿನತ್ತ ಇಳಿಯುವಂತೆ. ಮಣಿಕಟ್ಟಿನ ಮೇಲಲ್ಲ, ಅದರ ಬಣ್ಣಕ್ಕೂ ಮುಖದ ಬಣ್ಣಕ್ಕೂ ಸಂಬಂಧವಿರುವುದು ಕಡಿಮೆ. ಅಕ್ಕಪಕ್ಕದ ಮೂರು ಶೇಡ್‌ಗಳನ್ನು ಬೆರಳಗಲ ಪಟ್ಟಿಯಂತೆ ಎಳೆಯಿರಿ, ಬಯಲಿಗೆ ಬಂದು ಹಗಲು ಬೆಳಕಿನಲ್ಲಿ ನೋಡಿ. ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹೇಳಲಾಗದ ಪಟ್ಟಿಯೇ ನಿಮ್ಮದು. ಬೂದಿ ಬಳಿದಂತೆ ಕಂಡರೆ ಶೇಡ್ ತೀರಾ ತಿಳಿಯಾಗಿದೆ ಅಥವಾ ಅದರ ಅಂಡರ್‌ಟೋನ್ (ಬಣ್ಣದ ಅಡಿಯಲ್ಲಿ ಸುಳಿಯುವ ಹಳದಿ ಇಲ್ಲವೇ ಗುಲಾಬಿ ಛಾಯೆ) ಗುಲಾಬಿ ಕಡೆಗಿದೆ. ಕಿತ್ತಳೆಯಾದರೆ ಗಾಢವಾಯಿತು ಅಥವಾ ಕೆಂಪು ಹೆಚ್ಚಾಯಿತು. ಮಣಿಕಟ್ಟಿನ ನರ ಹಸಿರೋ ನೀಲಿಯೋ ಎಂದು ನೋಡಿ ಅಂಡರ್‌ಟೋನ್ ಹೇಳುವ ಉಪಾಯವನ್ನು ನಂಬಬೇಡಿ. ಕಂದು ಚರ್ಮದಲ್ಲಿ ನರ ಬಹುಮಟ್ಟಿಗೆ ಹಸಿರಾಗಿಯೇ ಕಾಣುತ್ತದೆ.

ಶೇಡಿನ ಅಕ್ಷರಗಳನ್ನೂ ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಹೊಂದಿಸಲು ಹೋಗಬೇಡಿ. ಬಹುತೇಕ ಕಡೆ ‘ಡಬ್ಲ್ಯೂ’ ಎಂದರೆ ಹಳದಿ ಛಾಯೆ, ‘ಸಿ’ ಎಂದರೆ ಗುಲಾಬಿ ಛಾಯೆ. ಮ್ಯಾಕ್ ಬ್ರ್ಯಾಂಡಿನಲ್ಲಿ ಇದು ತಿರುಗುಮುರುಗು: ಹಳದಿ ಛಾಯೆಯ ಚರ್ಮಕ್ಕೆ ‘ಎನ್‌ಸಿ’, ಗುಲಾಬಿ ಛಾಯೆಗೆ ‘ಎನ್‌ಡಬ್ಲ್ಯೂ’. ಬೆಲೆ ಹೆಚ್ಚಾದ ಮಾತ್ರಕ್ಕೆ ಶೇಡ್‌ಗಳ ಆಯ್ಕೆ ಹೆಚ್ಚು ಎಂದೂ ಇಲ್ಲ. 2017ರಲ್ಲಿ ಫೆಂಟಿ ಬ್ಯೂಟಿ 40 ಶೇಡ್‌ಗಳೊಂದಿಗೆ ಬಂದ ಮೇಲೆಯೇ ಎಷ್ಟೋ ದೊಡ್ಡ ಮನೆತನದ ಬ್ರ್ಯಾಂಡುಗಳು ಗಾಢ ಬಣ್ಣಗಳ ಸಾಲನ್ನು ಉದ್ದ ಮಾಡಿದವು. ನಿಮ್ಮ ಬಣ್ಣವೇ ಇಲ್ಲದ ಬ್ರ್ಯಾಂಡನ್ನು ಹೆಸರು ನೋಡಿ ಕೊಂಡು, ‘ಹೊಂದಿಸಿಕೊಳ್ಳುತ್ತೇನೆ’ ಎನ್ನುವುದು ಬೇಡ.

ಪ್ರಶ್ನೆ: ಸನ್‌ಸ್ಕ್ರೀನ್ ಮೇಲೆ ಫೌಂಡೇಶನ್ ಹಚ್ಚಿದರೆ ರಬ್ಬರಿನಿಂದ ಅಳಿಸಿದಾಗ ಬೀಳುವ ಚೂರುಗಳಂತೆ ಉರುಳೆ ಉರುಳೆಯಾಗಿ ಏಳುತ್ತದೆ. ಫೌಂಡೇಶನ್ನಿನಲ್ಲಿಯೇ ಎಸ್‌ಪಿಎಫ್ ಇರುವಾಗ ಸನ್‌ಸ್ಕ್ರೀನ್ ಬಿಡಬಹುದಲ್ಲವೇ?

ಉತ್ತರ: ಬಿಡಬೇಡಿ. ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ತಿಳಿಸುವ ಎಸ್‌ಪಿಎಫ್ ಅಂಕಿಯನ್ನು ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ. ಮುಖ, ಕತ್ತಿಗೆ ಎಂದರೆ ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಒಂದೊಂದು ಗೆರೆ. ಅಷ್ಟು ಫೌಂಡೇಶನ್ ಬಳಿದರೆ ಮುಖವಾಡ ತೊಟ್ಟಂತಾಗುತ್ತದೆ. ಯಾರೂ ಅಷ್ಟು ಹಚ್ಚುವುದಿಲ್ಲ, ಹಾಗಾಗಿ ಬಾಟಲಿಯ ಮೇಲಿನ ಅಂಕಿಯ ರಕ್ಷಣೆ ಸಿಗುವುದೂ ಇಲ್ಲ.

ಉರುಳೆ ಏಳುವುದಕ್ಕೆ ಕಾರಣ ಪದರಗಳ ಜಗಳ. ಸನ್‌ಸ್ಕ್ರೀನ್, ಪ್ರೈಮರ್, ಫೌಂಡೇಶನ್ ಮೂರರಲ್ಲೂ ಪೊರೆ ಕಟ್ಟುವ ಪದಾರ್ಥಗಳಿರುತ್ತವೆ. ಕೆಳಗಿನದು ಇನ್ನೂ ಗಟ್ಟಿಯಾಗುವ ಮೊದಲೇ ಮೇಲಿನದನ್ನು ಉಜ್ಜಿದರೆ ಪೊರೆ ಹರಿದು ಸುತ್ತಿಕೊಳ್ಳುತ್ತದೆ. ಸನ್‌ಸ್ಕ್ರೀನಿಗೆ ಹದಿನೈದು ನಿಮಿಷ ಬಿಡಿ. ಪ್ರೈಮರ್ ಬಟಾಣಿ ಕಾಳಿನ ಅರ್ಧದಷ್ಟು ಸಾಕು, ಅದೂ ಮೂಗಿನ ಪಕ್ಕ ಮತ್ತು ಹಣೆಯ ನಡುವೆ ಮಾತ್ರ. ಫೌಂಡೇಶನ್ನನ್ನು ಉಜ್ಜದೆ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಾಂಜಿನಿಂದ ತಟ್ಟಿ ಕೂರಿಸಿ.

ಇಷ್ಟಾದರೂ ನಿಲ್ಲದಿದ್ದರೆ ಅಂಗೈ ಹಿಂಭಾಗದಲ್ಲಿ ಎರಡನ್ನೂ ಒಂದೊಂದು ಹನಿ ಹಾಕಿ ಬೆರಳಿನಿಂದ ಕಲೆಸಿ. ಒಡೆದ ಹಾಲಿನಂತೆ ಬೇರ್ಪಟ್ಟರೆ ಆ ಜೋಡಿ ಕೂಡುವುದೇ ಇಲ್ಲ. ಸನ್‌ಸ್ಕ್ರೀನ್ ಬದಲಿಸಿ, ಫೌಂಡೇಶನ್ ಉಳಿಸಿಕೊಳ್ಳಿ. ಕೊಳ್ಳುವ ಮೊದಲು ಟೆಸ್ಟರ್‌ನಲ್ಲಿಯೇ ಇದನ್ನು ಮಾಡಿದರೆ ಇನ್ನೂ ಒಳ್ಳೆಯದು. ನಿಮ್ಮ ಸನ್‌ಸ್ಕ್ರೀನನ್ನು ಚೀಲದಲ್ಲಿಟ್ಟುಕೊಂಡು ಹೋಗಿ.

ಪ್ರಶ್ನೆ: ಕಣ್ಣಿನ ಕೆಳಗಿನ ಕಪ್ಪಿಗೆಂದು ಬಹಳ ಹೆಸರುವಾಸಿಯಾದ ಚಿನ್ನದ ಬಣ್ಣದ ಪೆನ್ ತರಿಸಿದೆ. ಕಪ್ಪು ಮುಚ್ಚುವುದೇ ಇಲ್ಲ. ಹೆಚ್ಚು ಹಚ್ಚಿದರೆ ಮಧ್ಯಾಹ್ನಕ್ಕೆ ಗೆರೆಗಳಲ್ಲಿ ಕೂತು ಬಿರುಕು ಬಿಡುತ್ತದೆ.

ಉತ್ತರ: ನೀವು ವರ್ಣಿಸಿದ್ದು ಈವ್ ಸಾಂ ಲೊರಾಂ ಸಂಸ್ಥೆ 1992ರಲ್ಲಿ ತಂದ ಟೂಶ್ ಎಕ್ಲಾ ಬಗೆಯ ಪೆನ್ ಇರಬೇಕು. ಅದು ಬೆಳಕು ಚೆಲ್ಲುವ ಸಾಧನ, ಕಪ್ಪು ಮುಚ್ಚುವ ಕೆಲಸ ಅದರದಲ್ಲ. ಬಣ್ಣದ ಕಣಗಳು ಅದರಲ್ಲಿ ಕಡಿಮೆ, ಬೆಳಕು ಚದುರಿಸುವ ಕಣಗಳು ಹೆಚ್ಚು. ಕನ್ಸೀಲರ್ ಆದ ಮೇಲೆ ಕಣ್ಣಿನ ಒಳಮೂಲೆ, ಮೂಗಿನ ಪಕ್ಕದ ನೆರಳಿನ ಮೇಲೆ ಒಂದೆರಡು ಗೀಟು ಎಳೆದು ತಟ್ಟಿದರೆ ಅದರ ಗುಣ ತಿಳಿಯುತ್ತದೆ.

ಕಪ್ಪಿನ ವಿಷಯಕ್ಕೆ ಬಂದರೆ, ತಿಳಿ ಬಣ್ಣವನ್ನು ಕಪ್ಪಿನ ಮೇಲೆ ಹಚ್ಚಿದಾಗ ಬರುವುದು ಬೂದಿ ಬಣ್ಣ. ಮೊದಲು ಕರೆಕ್ಟರ್, ಅಂದರೆ ಕಪ್ಪನ್ನು ತಗ್ಗಿಸುವ ಬಣ್ಣದ ಕ್ರೀಂ ಬೇಕು: ತಿಳಿ ಚರ್ಮಕ್ಕೆ ಪೀಚ್, ಕಂದು ಚರ್ಮಕ್ಕೆ ಕಿತ್ತಳೆ, ಗಾಢ ಚರ್ಮಕ್ಕೆ ಇಟ್ಟಿಗೆಗೆಂಪು. ಅಕ್ಕಿಕಾಳಿನಷ್ಟನ್ನು ಕಪ್ಪು ಇರುವಲ್ಲಿಗೆ ಮಾತ್ರ ಉಂಗುರಬೆರಳಿನಿಂದ ತಟ್ಟಿ. ಅದರ ಮೇಲೆ ಚರ್ಮದ ಬಣ್ಣದ್ದೇ ಕನ್ಸೀಲರ್, ಮತ್ತೆ ಅಕ್ಕಿಕಾಳಿನಷ್ಟೇ. ತ್ರಿಕೋನ ಬರೆದು ಕೆನ್ನೆಯವರೆಗೆ ಬಳಿಯುವ ಪದ್ಧತಿ ಕ್ಯಾಮೆರಾಗೆ ಸರಿ, ಎದುರು ಕೂತು ಮಾತಾಡುವವರಿಗೆ ಪದರ ಕಾಣುತ್ತದೆ.

ಬಿರುಕು ಬಿಡುವುದು ಏಕೆಂದರೆ ಅಲ್ಲಿನ ಚರ್ಮ ಬಹಳ ತೆಳು, ದಿನವಿಡೀ ಮಡಚುತ್ತಿರುತ್ತದೆ. ದಪ್ಪ ಪದರಕ್ಕೆ ಹೋಗಲು ಜಾಗವಿಲ್ಲದೆ ಗೆರೆಗೆ ಇಳಿಯುತ್ತದೆ. ಕೆಳಗೆ ಹಚ್ಚಿದ ಐ ಕ್ರೀಂ ಹೀರಿಕೊಳ್ಳದೆ ಉಳಿದಿದ್ದರೂ ಇದೇ ಗತಿ. ಕನ್ಸೀಲರ್ ಹಚ್ಚಿ ಒಂದು ನಿಮಿಷ ಬಿಟ್ಟು, ಮೂಡಿದ ಗೆರೆಯನ್ನು ಬೆರಳಿನಿಂದ ಸಮ ಮಾಡಿ, ಮೇಲಕ್ಕೆ ನೋಡುತ್ತಾ ಚಿಕ್ಕ ಬ್ರಶ್‌ನಿಂದ ಪೌಡರನ್ನು ಒಮ್ಮೆ ಒತ್ತಿ. ಗುಳಿಯ ನೆರಳಿನಿಂದ ಕಾಣುವ ಕಪ್ಪನ್ನು ಯಾವ ಕನ್ಸೀಲರೂ ಮುಚ್ಚದು. ಕನ್ನಡಿ ಹಿಡಿದು ಮುಖವನ್ನು ದೀಪದತ್ತ ಎತ್ತಿ ನೋಡಿ. ಕಪ್ಪು ಮಾಯವಾದರೆ ಅದು ನೆರಳು.

ಪ್ರಶ್ನೆ: ಪ್ಯಾಲೆಟ್‌ನಲ್ಲಿ ಥಳಥಳ ಹೊಳೆಯುವ ಐಶ್ಯಾಡೋ ಕಣ್ಣಿಗೆ ಹಚ್ಚಿದರೆ ಮಂಕು, ಅರ್ಧ ಕೆನ್ನೆ ಮೇಲೆ ಉದುರುತ್ತದೆ. ಒಂದು ಶೇಡಂತೂ ಕಲ್ಲಿನಂತಾಗಿ ಬ್ರಶ್‌ಗೆ ಬಣ್ಣವೇ ಹತ್ತುವುದಿಲ್ಲ. ಇಷ್ಟು ಬೆಲೆ ಕೊಟ್ಟೂ ಹೀಗೇಕೆ?

ಉತ್ತರ: ಈ ಪ್ರಶ್ನೆ ಅತಿ ಹೆಚ್ಚು ಜನ ಕೇಳಿದ್ದು, ಉತ್ತರವೂ ಸ್ವಲ್ಪ ಉದ್ದವೇ. ಹೊಳೆಯುವ ಐಶ್ಯಾಡೋದಲ್ಲಿ ಇರುವುದು ಅಭ್ರಕದ ಚಿಕ್ಕ ಚಿಕ್ಕ ಹಾಳೆಗಳು. ಅವುಗಳ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ಲೇಪ. ಲೇಪ ಸುಮಾರು 50 ನ್ಯಾನೋಮೀಟರ್ ಇದ್ದರೆ ಬೆಳ್ಳಿ. ದಪ್ಪವಾದಂತೆ ಹೊನ್ನು, ಕೆಂಪು, ನೀಲಿ, ಆಮೇಲೆ ಹಸಿರು ಹೊಳಪು. ಸೋಪಿನ ಗುಳ್ಳೆಯಲ್ಲಿ ಬಣ್ಣ ಮೂಡುವಂತೆಯೇ ಇಲ್ಲೂ ಬೆಳಕಿನ ಆಟ. ಆದರೆ ಆ ಹಾಳೆಗಳು ಮಟ್ಟಸವಾಗಿ ಮಲಗಿದ್ದರೆ ಮಾತ್ರ ಒಂದೇ ದಿಕ್ಕಿಗೆ ಬೆಳಕು ಚಿಮ್ಮುತ್ತದೆ. ಉಬ್ಬಿದ ಮೆತ್ತನೆಯ ಬ್ರಶ್‌ನಿಂದ ಗುಡಿಸಿದರೆ ಅವು ದಿಕ್ಕಾಪಾಲಾಗಿ ನಿಲ್ಲುತ್ತವೆ, ಮಂಕಾಗುತ್ತವೆ, ಉದುರುತ್ತವೆ.

ಹಾಗಾಗಿ ಹೊಳಪಿನದಕ್ಕೆ ಬೆರಳೇ ಮೇಲು. ಉಂಗುರಬೆರಳಿನ ತುದಿಗೆ ಬಣ್ಣ ತೆಗೆದುಕೊಂಡು ರೆಪ್ಪೆಯ ನಡುವೆ ಒತ್ತಿ, ಎಳೆಯಬೇಡಿ. ಇನ್ನೂ ಹೊಳಪು ಬೇಕೆಂದರೆ ಚಪ್ಪಟೆ ಬ್ರಶ್‌ಗೆ ಮೊದಲು ಬಣ್ಣ ಹತ್ತಿಸಿ, ಆಮೇಲೆ ಬ್ರಶ್‌ನ ಮೇಲೆ ಒಮ್ಮೆ ನೀರು ಸಿಂಪಡಿಸಿ ಹಚ್ಚಿ. ನೀರು ಪ್ಯಾಲೆಟ್‌ಗೆ ಬೀಳಬಾರದು, ಕಲ್ಲಾಗುವ ಕಾರಣಗಳಲ್ಲಿ ಅದೂ ಒಂದು. ರೆಪ್ಪೆಗೆ ಮೊದಲು ಐ ಪ್ರೈಮರ್ ಸಾಸಿವೆ ಕಾಳಿನಷ್ಟು. ಹೊಳಪಿಲ್ಲದ ಮ್ಯಾಟ್ ಬಣ್ಣ ಹಚ್ಚುವ ಕಡೆ ಪ್ರೈಮರಿನ ಮೇಲೆ ತುಸು ಪೌಡರ್ ಇರಲಿ, ಇಲ್ಲದಿದ್ದರೆ ಬಣ್ಣ ಅಂಟಿದಲ್ಲೇ ಅಂಟಿ ಕಲೆಯಾಗುತ್ತದೆ. ಹೊಳಪು ಹಚ್ಚುವ ಕಡೆ ಪೌಡರ್ ಬೇಡ, ಅಲ್ಲಿ ಆ ಅಂಟೇ ಬೇಕಾಗಿರುವುದು.

ಉದುರುವಿಕೆಗೆ ಸುಲಭ ಪರಿಹಾರ, ಕಣ್ಣಿನ ಕೆಲಸ ಮುಗಿಸಿ ಆಮೇಲೆ ಫೌಂಡೇಶನ್ ಹಚ್ಚುವುದು. ಕೆನ್ನೆಗೆ ಬಿದ್ದದ್ದನ್ನು ಒಣ ಬ್ರಶ್‌ನಿಂದ ಹಾರಿಸಿ, ಉಳಿದದ್ದನ್ನು ಒದ್ದೆ ಹತ್ತಿಯಿಂದ ಒರೆಸಿ, ಅನಂತರ ಮುಖಕ್ಕೆ ಬನ್ನಿ.

ಕಲ್ಲಾದ ಶೇಡ್ ಹಾಳಾಗಿಲ್ಲ. ಬೆರಳಿನ ಎಣ್ಣೆ, ಬ್ರಶ್‌ನಲ್ಲಿ ಉಳಿದ ಪ್ರೈಮರ್ ಮೇಲ್ಮೈಗೆ ಇಳಿದು ಹೊಳೆಯುವ ಪೊರೆ ಕಟ್ಟಿದೆ. ಅಂಟುಟೇಪಿನ ತುಂಡನ್ನು ಮೆಲ್ಲಗೆ ಒತ್ತಿ ಎತ್ತಿ; ಎರಡು ಮೂರು ಬಾರಿಗೆ ಪೊರೆ ಕಳಚುತ್ತದೆ. ಜಗ್ಗದಿದ್ದರೆ ತೊಳೆದು ಒಣಗಿಸಿದ ಹಳೆಯ ಮಸ್ಕಾರಾ ಬ್ರಶ್‌ನಿಂದ ಕೆರೆದರಾಯಿತು. ಬೆರಳಿನಿಂದ ಬಣ್ಣ ತೆಗೆಯುವ ಮುನ್ನ ಕೈ ತೊಳೆದು ಒರೆಸಿಕೊಂಡರೆ ಇದು ಮತ್ತೆ ಬರುವುದು ತಡವಾಗುತ್ತದೆ.

ಪ್ಯಾಲೆಟ್ ಚೆನ್ನಾಗಿದೆಯೇ ಎಂದು ತಿಳಿಯಲು ತೋಳಿನ ಮೇಲೆ ಬೆರಳಿನಿಂದ ಗೀಟು ಎಳೆದು ನೋಡುವುದು ಸಾಲದು, ಹಾಗೆ ಎಳೆದರೆ ಸಾಧಾರಣ ಬಣ್ಣವೂ ಕಣ್ಣು ಕುಕ್ಕುತ್ತದೆ. ನೋಡಬೇಕಾದ್ದು ಮ್ಯಾಟ್ ಬಣ್ಣಗಳನ್ನು. ರೆಪ್ಪೆಯ ಮಡಿಕೆಯಲ್ಲಿ ಕಂದು ಬಣ್ಣವನ್ನು ಇಪ್ಪತ್ತು ಸಲ ಆಚೀಚೆ ಆಡಿಸಿ. ಅಂಚು ಹೊಗೆಯಂತೆ ಕರಗಿ ಬಣ್ಣ ಉಳಿದರೆ ಅರೆತ ನುಣುಪಾಗಿದೆ, ಅಂಟು ಹದವಾಗಿದೆ. ಬಣ್ಣವೇ ಮಾಯವಾದರೆ ಅಥವಾ ಪಕ್ಕದ ಬಣ್ಣದೊಡನೆ ಸೇರಿ ಕೆಸರಾದರೆ ಹೊಳಪಿನ ಎರಡು ಶೇಡ್‌ಗಳ ಮೋಹಕ್ಕೆ ಇಡೀ ಪ್ಯಾಲೆಟ್ ಕೊಳ್ಳಬೇಡಿ. ಗಾಢ ನೇರಳೆ, ಗಾಢ ನೀಲಿ ಮ್ಯಾಟ್‌ಗಳಿಗೆ ಮಾತ್ರ ಕೊಂಚ ರಿಯಾಯಿತಿ ಇರಲಿ. ಆ ಬಣ್ಣದ ಪುಡಿಗಳನ್ನು ಹದಕ್ಕೆ ತರುವುದು ತಯಾರಕರಿಗೂ ಕಷ್ಟ, ಗುಡಿಸದೆ ಒತ್ತಿ ಒತ್ತಿ ಹಚ್ಚಬೇಕು.

ಪ್ರಶ್ನೆ: ಲಿಪ್‌ಸ್ಟಿಕ್ ಅನ್ನು ರೆಪ್ಪೆಗೆ, ಐಶ್ಯಾಡೋವನ್ನು ತುಟಿಗೆ ಹಚ್ಚುವುದು ನೋಡಿದ್ದೇನೆ. ತಪ್ಪೇನಾದರೂ ಇದೆಯೇ?

ಉತ್ತರ: ಕೆನ್ನೆಗೆ ಲಿಪ್‌ಸ್ಟಿಕ್ ಧಾರಾಳವಾಗಿ ಹಚ್ಚಿ. ಕಣ್ಣು, ತುಟಿಗಳ ನಡುವೆ ಅದಲುಬದಲು ಬೇಡ. ತುಟಿಗೆ ಹಚ್ಚಿದ್ದು ಹೊಟ್ಟೆಗೂ ಹೋಗುತ್ತದೆ. ಅಲ್ಟ್ರಾಮರೀನ್ ನೀಲಿ, ಐರನ್ ಬ್ಲೂ, ಕ್ರೋಮಿಯಂ ಆಕ್ಸೈಡ್ ಹಸಿರು ಇವು ಕಣ್ಣಿನ ಸುತ್ತ ಬಳಕೆಗೆ ಒಪ್ಪಿಗೆ ಪಡೆದ ಬಣ್ಣಗಳಾದರೂ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತುಟಿಗೆ ಒಪ್ಪಿಲ್ಲ. ಲಿಪ್‌ಸ್ಟಿಕ್‌ನ ಎಷ್ಟೋ ಕೆಂಪುಗಳಿಗೆ ಅದೇ ಸಂಸ್ಥೆ ಕಣ್ಣಿನ ಸುತ್ತ ಬಳಸಲು ಒಪ್ಪಿಗೆ ಕೊಟ್ಟಿಲ್ಲ. ಯುರೋಪಿನ ಪಟ್ಟಿ ಬೇರೆ, ಅಲ್ಲಿ ಕೆಲವಕ್ಕೆ ಅನುಮತಿಯುಂಟು. ಎಚ್ಚರಿಕೆಗೆ ಪೆಟ್ಟಿಗೆಯ ಹಿಂಬದಿ ಓದಿ. ಕೆಲವು ಕೆಂಪು, ಗುಲಾಬಿ ಶೇಡ್‌ಗಳ ಕೆಳಗೆ ‘ಕಣ್ಣಿನ ಸುತ್ತ ಬಳಸಬಾರದು’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಕಾರ್ಮೈನ್ ಎಂಬ ಕೆಂಪು ಮೂರೂ ಕಡೆ ಸಲ್ಲುತ್ತದೆ. ಅದು ಕೊಚಿನೀಲ್ ಎಂಬ ಕೀಟದಿಂದ ಬರುವುದು, ಪ್ರಾಣಿಜನ್ಯ ಬೇಡವೆನ್ನುವವರು ಪಟ್ಟಿಯಲ್ಲಿ 75470 ಎಂಬ ಸಂಖ್ಯೆ ಇದೆಯೇ ನೋಡಿಕೊಳ್ಳಲಿ.

ಪ್ರಶ್ನೆ: ಲಿಕ್ವಿಡ್ ಮ್ಯಾಟ್ ಲಿಪ್‌ಸ್ಟಿಕ್ ಎರಡು ಗಂಟೆಗೆ ತುಟಿಯ ಒಳಭಾಗದಲ್ಲಿ ಸಿಪ್ಪೆಯಂತೆ ಏಳುತ್ತದೆ. ಇನ್ನೊಂದು, ಕಡ್ಡಿ ರೂಪದ್ದು, ಅಳಿಸಿದ ಮೇಲೂ ಕಡು ಗುಲಾಬಿ ಕಲೆ ಬಿಡುತ್ತದೆ. ಅದರ ಮೇಲೆ ಬೆವರಿನಂತೆ ಹನಿಗಳೂ ಕಾಣುತ್ತಿವೆ.

ಉತ್ತರ: ಮೂರಕ್ಕೂ ಬೇರೆ ಬೇರೆ ಕಾರಣ.

ಲಿಕ್ವಿಡ್ ಮ್ಯಾಟ್‌ನಲ್ಲಿ ಐಸೊಡೊಡೆಕೇನ್ ಎಂಬ, ಬೇಗ ಆವಿಯಾಗುವ ದ್ರವವಿರುತ್ತದೆ. ಅದು ಹಾರಿಹೋದ ಮೇಲೆ ಉಳಿಯುವುದು ಸಿಲಿಕೋನ್ ರಾಳದ ಪೊರೆ. ಈ ಪೊರೆಗೆ ನೀರಿನ ಭಯವಿಲ್ಲ, ಎಣ್ಣೆಯೇ ಶತ್ರು. ಕೆಳಗೆ ಲಿಪ್ ಬಾಮ್ ಉಳಿದಿದ್ದರೆ ಪೊರೆ ಹಿಡಿಯುವುದೇ ಇಲ್ಲ. ಎಣ್ಣೆ ಪದಾರ್ಥ ತಿಂದರೆ ಒಳಗಿನಿಂದ ಕಳಚುತ್ತದೆ. ಬಾಮ್ ಹಚ್ಚಿ ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಿ. ಒಂದೇ ತೆಳು ಪದರ ಹಚ್ಚಿ, ತುಟಿಗಳನ್ನು ಒಂದಕ್ಕೊಂದು ತಾಗಿಸದೆ ಎರಡು ನಿಮಿಷ ಬಿಡಿ. ಆರಿದ ಪದರದ ಮೇಲೆ ಎರಡನೆಯದು ಹಚ್ಚಿದರೆ ಮೊದಲಿನದು ಕರಗಿ ಮುದ್ದೆಯಾಗುತ್ತದೆ, ಸಿಪ್ಪೆ ಏಳುವುದು ಹೆಚ್ಚಾಗಿ ಇದರಿಂದಲೇ. ತುಟಿಯ ತೇವ ತಾಗುವ ಒಳಭಾಗಕ್ಕೆ ಹಚ್ಚದೆ ಅಂಚಿಗೇ ನಿಲ್ಲಿಸಿ. ಮಧ್ಯೆ ಸರಿಪಡಿಸಬೇಕಾದರೆ ಎಣ್ಣೆಯಿಂದ ಪೂರ್ತಿ ತೆಗೆದು ಹೊಸದಾಗಿ ಹಚ್ಚುವುದೊಂದೇ ದಾರಿ.

ಗುಲಾಬಿ ಕಲೆ ಇಯೋಸಿನ್ ಜಾತಿಯ ಬಣ್ಣಗಳ ಕೆಲಸ. ಇವು ಕಡ್ಡಿಯಲ್ಲಿ ಅಷ್ಟಾಗಿ ಕಾಣದಿದ್ದರೂ ತುಟಿಯ ತೇವ, ಅದರ ಆಮ್ಲ-ಕ್ಷಾರದ ಮಟ್ಟಕ್ಕೆ ಬಣ್ಣ ತಳೆದು ಚರ್ಮಕ್ಕೆ ಹಿಡಿಯುತ್ತವೆ. ‘ನಿಮ್ಮ ತುಟಿಗೆ ತಕ್ಕಂತೆ ಬಣ್ಣ ಬದಲಿಸುವ’ ಬಾಮ್‌ಗಳ ಗುಟ್ಟೂ ಇದೇ. ಪಟ್ಟಿಯಲ್ಲಿ 45410 ಅಥವಾ 45380 ಇದ್ದರೆ ಕಲೆ ನಿರೀಕ್ಷಿಸಿ. ದೋಷವಲ್ಲ, ಆದರೆ ಕಂದು ಲಿಪ್‌ಸ್ಟಿಕ್ ಕೊಂಡವರಿಗೆ ಸಂಜೆ ಗುಲಾಬಿ ತುಟಿ ಬೇಕಿರುವುದಿಲ್ಲ. ಕೊಳ್ಳುವ ಮುನ್ನ ಅಂಗೈ ಹಿಂಭಾಗಕ್ಕೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ ನೋಡಿ.

ಬೆವರು ಎಂದರೆ ಎಣ್ಣೆ. ಲಿಪ್‌ಸ್ಟಿಕ್ ಮೇಣ ಮತ್ತು ಎಣ್ಣೆಯ ಹೆಣಿಗೆ. ಬಿಸಿಯೇರಿ ತಣಿದಾಗ ಮೇಣದ ಹರಳುಗಳ ನಡುವಿನಿಂದ ಹರಳೆಣ್ಣೆಯಂಥವು ಹೊರಬರುತ್ತವೆ. ಟಿಶ್ಯೂವಿನಿಂದ ಒತ್ತಿ ತೆಗೆದು ತಂಪಾದ ಕಪಾಟಿನಲ್ಲಿಡಿ. ವಾಸನೆ ಹಳಸಿದ ಎಣ್ಣೆಯಂತಿದ್ದರೆ ಮಾತ್ರ ಎಸೆಯಿರಿ.

ಪ್ರಶ್ನೆ: ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಹೊಸ ಮಸ್ಕಾರಾ ಕಣ್ಣಿಗೆ ಉದುರಿ ಚುಚ್ಚುತ್ತದೆ.

ಉತ್ತರ: ಲೆನ್ಸ್ ಮೊದಲು, ಮೇಕಪ್ ಆಮೇಲೆ, ರಾತ್ರಿ ಲೆನ್ಸ್ ತೆಗೆದ ಮೇಲೆಯೇ ಮೇಕಪ್ ತೆಗೆಯಿರಿ. ನಾರು ಬೆರೆಸಿದ ಮಸ್ಕಾರಾ ನಿಮಗಲ್ಲ. ಟ್ಯೂಬಿಂಗ್ ಬಗೆಯದನ್ನು ಹುಡುಕಿ. ಅದು ಪ್ರತಿ ರೆಪ್ಪೆಗೂದಲಿನ ಸುತ್ತ ಕೊಳವೆಯಂತೆ ಕಟ್ಟಿಕೊಂಡು, ಉಗುರುಬೆಚ್ಚಗಿನ ನೀರಿಗೆ ಎಳೆಎಳೆಯಾಗಿ ಜಾರಿಬರುತ್ತದೆ, ಪುಡಿಯಾಗಿ ಉದುರುವುದು ಕಡಿಮೆ. ಮಸ್ಕಾರಾ ಕಡ್ಡಿಯನ್ನು ಕೊಳವೆಯಲ್ಲಿ ಮೇಲೆ ಕೆಳಗೆ ಕುಟ್ಟಬೇಡಿ. ಗಾಳಿ ಹೊಕ್ಕು ಬೇಗ ಒಣಗುತ್ತದೆ, ಒಣಗಿದ್ದೇ ಉದುರುವುದು. ತೆರೆದ ಮೂರು ತಿಂಗಳಿಗೆ ಬದಲಿಸಿ. ಕಣ್ಣು ಕೆಂಪಾಗಿ ಸೋಂಕು ತಗಲಿದ್ದರೆ ಆಗ ಬಳಸಿದ್ದನ್ನು ಅಂದೇ ಎಸೆಯಬೇಕು. ಬೆಲೆ ನೋಡಿ ಉಳಿಸಿಕೊಳ್ಳಬೇಡಿ.

ಪ್ರಶ್ನೆ: ಟೆಸ್ಟರ್ ಬಳಸಲು ಹೆದರಿಕೆ. ಬಳಸದೆ ಕೊಳ್ಳಲೂ ಹೆದರಿಕೆ.

ಉತ್ತರ: ಹೆದರಿಕೆ ಸರಿಯಾಗಿಯೇ ಇದೆ. ಹಲವರ ಬೆರಳು, ತುಟಿ ತಾಗಿದ ವಸ್ತು ಅದು. ಮಸ್ಕಾರಾ, ಲಿಪ್ ಗ್ಲಾಸ್ ಟೆಸ್ಟರ್‌ಗಳನ್ನು ಬಳಸಲೇಬೇಡಿ. ಕೊಳವೆಯೊಳಗೆ ಹೋದದ್ದನ್ನು ಶುಚಿ ಮಾಡುವ ಉಪಾಯವಿಲ್ಲ. ಒತ್ತಿದ ಪೌಡರ್, ಐಶ್ಯಾಡೋಗಳ ಮೇಲ್ಪದರವನ್ನು ಟಿಶ್ಯೂವಿನಿಂದ ಒರೆಸಿ, ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ, ಪೂರ್ತಿ ಆರಿದ ಮೇಲೆ ಕೈಮೇಲೆ ಹಚ್ಚಿ ನೋಡಬಹುದು. ಕಣ್ಣಿಗೆ ಬೇಡ. ಲಿಪ್‌ಸ್ಟಿಕ್ಕಿನ ತುದಿಯನ್ನು ಚೂರು ಕತ್ತರಿಸಿಕೊಡಲು ಕೇಳಿ, ಬಿಸಾಡುವ ಕಡ್ಡಿಯಿಂದ ತೆಗೆದು ಬೆರಳ ತುದಿಗೆ ಹಚ್ಚಿ. ಮಣಿಕಟ್ಟಿಗಿಂತ ಬೆರಳ ತುದಿಯ ನಸುಗೆಂಪು ತುಟಿಯ ಬಣ್ಣಕ್ಕೆ ಹತ್ತಿರ. ಫೌಂಡೇಶನ್ ಪಂಪ್ ಬಾಟಲಿಯದಾದರೆ ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಿ.

ಪ್ರಶ್ನೆ: ದುಬಾರಿ ಫೌಂಡೇಶನ್ನಿನಲ್ಲೂ ಅಗ್ಗದ್ದರಲ್ಲೂ ಅವೇ ಬಣ್ಣ ಎಂದಾದರೆ ಹೆಚ್ಚು ಹಣ ಯಾವುದಕ್ಕೆ? ಸೆಟ್ ಪೂರ್ತಿ ಕೊಳ್ಳದೆ ಒಂದೆರಡು ಕೊಳ್ಳುವುದಾದರೆ ಯಾವುದು?

ಉತ್ತರ: ಎರಡೂ ಬಾಟಲಿಗಳ ಪಟ್ಟಿಯ ಕೊನೆಯಲ್ಲಿ 77491, 77492, 77499, 77891 ಕಾಣುತ್ತವೆ. ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್, ಬಿಳಿ ಟೈಟಾನಿಯಂ ಡೈಆಕ್ಸೈಡ್. ಪಟ್ಟಿಯಲ್ಲಿ ಅಂಶಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಬರೆಯಬೇಕು, ಆದರೆ ಶೇ 1ಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಅಪರೂಪದ ಹೂವಿನ ಸಾರ, ಮುತ್ತಿನ ಪುಡಿ ಎಂದು ಪೆಟ್ಟಿಗೆಯ ಮುಂದೆ ದೊಡ್ಡದಾಗಿ ಬರೆದದ್ದು ಆ ಪಟ್ಟಿಯ ಬಾಲದಲ್ಲಿದ್ದರೆ ಅದಕ್ಕಾಗಿ ಹಣ ಕೊಡಬೇಡಿ.

ನಿಜವಾದ ವ್ಯತ್ಯಾಸ ಇರುವ ಕಡೆಗಳೂ ಇವೆ. ಬಣ್ಣದ ಕಣಗಳಿಗೆ ಲೇಪ ಕೊಟ್ಟು ಸಮವಾಗಿ ಹರಡುವಂತೆ ಮಾಡುವುದು, ಪೌಡರನ್ನು ನುಣ್ಣಗೆ ಅರೆಯುವುದು, ಒಂದೇ ಗಾಢತೆಯಲ್ಲಿ ಮೂರು ನಾಲ್ಕು ಅಂಡರ್‌ಟೋನ್ ಕೊಡುವುದು. ಮುಖಕ್ಕೆ ಹಚ್ಚುವ ಪೌಡರ್ ಮತ್ತು ಫೌಂಡೇಶನ್ನಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ, ಹಣ ಹಾಕುವುದಾದರೆ ಅಲ್ಲಿ ಹಾಕಿ. ಕ್ರೀಂ ಬ್ಲಶ್‌ಗೂ ಹಾಕಬಹುದು. ಮೂರು ತಿಂಗಳಿಗೆ ಎಸೆಯುವ ಮಸ್ಕಾರಾ, ಕಪ್ಪು ಐಲೈನರ್‌ಗಳಿಗೆ ಬೇಡವೆಂಬುದು ನಮ್ಮ ಖಚಿತ ಅಭಿಪ್ರಾಯ. ಲಿಪ್‌ಸ್ಟಿಕ್‌ನಲ್ಲಿ ಹಣದ ದೊಡ್ಡ ಭಾಗ ಲೋಹದ ಕವಚಕ್ಕೆ. 2020ರಲ್ಲಿ 24 ಶೇಡ್‌ಗಳಲ್ಲಿ ಬಂದ ಎರ್ಮೆಸ್ ಲಿಪ್‌ಸ್ಟಿಕ್‌ನಂತೆ ಒಳಗಿನ ಕಡ್ಡಿ ಮಾತ್ರ ಬದಲಿಸುವಂಥದ್ದಾದರೆ ಕವಚಕ್ಕೆ ಕೊಟ್ಟದ್ದು ಒಂದೇ ಸಲ. ರೀಫಿಲ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಉಳಿಸಿಟ್ಟು ಬಳಸುವ ಆಸೆಗೂ ಮಿತಿಯಿದೆ. ತೆರೆದ ಡಬ್ಬಿಯ ಚಿತ್ರದೊಳಗೆ 6ಎಂ, 12ಎಂ ಎಂದು ಬರೆದಿರುವುದು, ತೆರೆದ ಮೇಲೆ ಎಷ್ಟು ತಿಂಗಳು ಎಂಬುದನ್ನು. ತೆರೆಯದೆ 30 ತಿಂಗಳಿಗಿಂತ ಹೆಚ್ಚು ಬಾಳುವ ಸಾಮಗ್ರಿಗೆ ಯುರೋಪಿನಲ್ಲಿ ಈ ಗುರುತು ಕಡ್ಡಾಯ. ತೆರೆದ ದಿನವನ್ನು ಚಿಕ್ಕ ಚೀಟಿಯಲ್ಲಿ ಬರೆದು ತಳಕ್ಕೆ ಅಂಟಿಸಿ.

ಪ್ರಶ್ನೆ: ಕನ್ನಡಿಯಲ್ಲಿ ಸರಿಯಾಗಿದ್ದ ಮುಖ ರಾತ್ರಿ ಫೋಟೊದಲ್ಲಿ ಬಿಳಿಚಿಕೊಂಡು ಕಾಣುತ್ತದೆ, ಕತ್ತು ಬೇರೆ ಬಣ್ಣ.

ಉತ್ತರ: ಫ್ಲ್ಯಾಶ್ ಬೆಳಕನ್ನು ನೇರ ಕ್ಯಾಮೆರಾಗೆ ತಿರುಗಿಸುವ ಬಿಳಿ ಕಣಗಳು ಕಾರಣ: ಸಿಲಿಕಾದ ಬಣ್ಣವಿಲ್ಲದ ಪೌಡರ್, ಅಥವಾ ಸನ್‌ಸ್ಕ್ರೀನ್‌ನ ಜಿಂಕ್, ಟೈಟಾನಿಯಂ. ಹೊರಡುವ ಮುನ್ನ ದೀಪ ಆರಿಸಿ, ಮೊಬೈಲನ್ನು ತೋಳಿನಷ್ಟು ದೂರ ಹಿಡಿದು ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆಯಿರಿ. ಕಣ್ಣಿನ ಕೆಳಗೆ, ಮೂಗಿನ ಮೇಲೆ ಬಿಳಿ ಮಚ್ಚೆ ಕಂಡರೆ ಪೌಡರ್ ಹೆಚ್ಚಾಗಿದೆ. ದೊಡ್ಡ ಬ್ರಶ್‌ನಿಂದ ಜಾಡಿಸಿ, ಹಿಂಡಿದ ಒದ್ದೆ ಸ್ಪಾಂಜಿನಿಂದ ಒಮ್ಮೆ ಒತ್ತಿ, ಮತ್ತೊಂದು ಫೋಟೊ ತೆಗೆದು ನೋಡಿ. ಮುಂದಿನ ಸಲಕ್ಕೆ ನಿಮ್ಮ ಚರ್ಮದ ಬಣ್ಣದ್ದೇ ಪೌಡರ್ ಆರಿಸಿಕೊಳ್ಳಿ.